ಗೇರ್ ಲಿವರ್: ಹ್ಯಾಂಡಲ್‌ನಲ್ಲೋ, ಚೌಕಟ್ಟಿನ ಮೇಲೋ?

ಪುಣೆಯಲ್ಲಿ ರೋಡ್ ಸೈಕಲ್ ಕೊಳ್ಳಲು ಹೊರಟ ಕನ್ನಡದ ಗೆಳೆಯರು ನನ್ನನ್ನು ಕೇಳುವುದು ಇದನ್ನೇ. ಬ್ರೇಕ್ ಹಿಡಿಯಲ್ಲೇ ಗೇರ್ ಬದಲಿಸುವ ವ್ಯವಸ್ಥೆಯನ್ನು ಜಪಾನಿನ ಸೈಕಲ್ ಬಿಡಿಭಾಗಗಳ ಕಂಪನಿ ಶಿಮಾನೊ 1990ರ ಸುಮಾರಿಗೆ ತಂದಿತು. ಸ್ವಾರಗೇಟ್‌ನ ದಟ್ಟಣೆಯಲ್ಲಿ, ಪಂದ್ಯದಲ್ಲಿ ಅದೇ ಮೇಲು, ಕೈ ತೆಗೆಯಬೇಕಿಲ್ಲ. ಆದರೆ ಒಳಗಿನ ಸಣ್ಣ ಭಾಗ ಸವೆದರೂ ಬಹುತೇಕ ಇಡೀ ಹಿಡಿಯನ್ನೇ ಬದಲಿಸಬೇಕು.

ನನ್ನ ಒಲವು ಚೌಕಟ್ಟಿನ ಮೇಲೆ ಕೂರುವ ಹಳೆಯ ಫ್ರಿಕ್ಷನ್ ಲಿವರ್‌ಗೆ. ಅದರಲ್ಲಿ ಟಕ್ ಎನ್ನುವ ಮೆಟ್ಟಿಲುಗಳಿಲ್ಲ. ಕೈ ಕೆಳಗಿಳಿಸಿ, ಚೈನಿನ ಕರಕರ ನಿಲ್ಲುವವರೆಗೆ ಬೆರಳಿನಲ್ಲೇ ಹದ ಹಿಡಿಯಬೇಕು. ಇದು ಒಲಿಯಲು ಒಂದೆರಡು ವಾರ ಬೇಕು, ನಿಜ. ಹಿಂಚಕ್ರದಲ್ಲಿ ಏಳು ಗೇರಿದ್ದರೂ ಎಂಟಿದ್ದರೂ ಅದೇ ಲಿವರ್ ನಡೆಯುತ್ತದೆ. ಕಳೆದ ಮಳೆಗಾಲದಲ್ಲಿ ಕಾತ್ರಜ್ ಘಾಟಿಯ ಏರಿನಲ್ಲಿ ನನ್ನದು ಸಡಿಲಗೊಂಡು ಜಾರತೊಡಗಿತು. ತಿರುಪನ್ನು ನಾಣ್ಯದಿಂದ ಅರ್ಧ ಸುತ್ತು ಬಿಗಿದೆ. ಮತ್ತೆ ಪೆಡಲ್ ತುಳಿದೆ.