26/11 ನಡಿಗೆ: 900 ರೂಪಾಯಿಗೆ ಏನು ಸಿಕ್ಕಿತು, ಏನು ಸಿಗಲಿಲ್ಲ

ಅಕ್ಕನ ಮಗ ಹುಬ್ಬಳ್ಳಿಯಿಂದ ಬಂದಿದ್ದ. ಹುಟ್ಟಿದ್ದೇ 2008ರಲ್ಲಿ, ದಾಳಿ ಆದ ವರ್ಷ. ಮುಂಬೈ ದಾಳಿ ಅಂದರೆ ಅವನಿಗೆ ಮೊಬೈಲಿನಲ್ಲಿ ನೋಡಿದ ವಿಡಿಯೋ, ಅಷ್ಟೇ. ಹಾಗಾಗಿ ದಾಳಿ ನಡೆದ ಜಾಗ, ಸ್ಮಾರಕ ಎಲ್ಲ ತೋರಿಸುವ ಗೈಡ್ ನಡಿಗೆಗೆ ಇಬ್ಬರೂ ದುಡ್ಡು ಕಟ್ಟಿದೆವು. ತಲೆಗೆ 900 ರೂಪಾಯಿ. ಭಾನುವಾರ ಬೆಳಿಗ್ಗೆ ಏಳೂವರೆಗೆ ವಿಟಿ ಸ್ಟೇಷನ್ ಎದುರು ಸೇರಬೇಕು. (ಸಿಎಸ್‌ಎಂಟಿ ಅಂತ ಹೆಸರು ಬದಲಾಗಿ ವರ್ಷಗಳೇ ಆದವು, ಆದರೆ ಡೊಂಬಿವಲಿಯಿಂದ ಲೋಕಲ್ ಹತ್ತುವ ನನ್ನಂಥವರ ಬಾಯಲ್ಲಿ ಅದು ಇನ್ನೂ ವಿಟಿನೇ.) ನಡೆಸುವ ತಂಡದ ಹೆಸರು ಬರೆಯುವುದಿಲ್ಲ. ಇಂಥವರು ಈಗ ಬೇಕಾದಷ್ಟು ಜನ ಇದ್ದಾರೆ, ಯಾರ ಜೊತೆ ಹೋಗುವವರಿಗೂ ಇದು ಉಪಯೋಗಕ್ಕೆ ಬರಬಹುದು.

ಗೈಡ್ ಚುರುಕಾದ ಹುಡುಗ, ಹಿಂದಿ ಚೆನ್ನಾಗಿದೆ, ಟೈಮಿಗೆ ಸರಿಯಾಗಿ ಬಂದ. ಆದರೆ ಮೊದಲ ಅರ್ಧ ಗಂಟೆ ಪೂರ್ತಿ ದಾಳಿ ಮಾಡಿದ ಆ ಹತ್ತು ಜನರದ್ದೇ ಕಥೆ. ಯಾವ ದೋಣಿಯಲ್ಲಿ ಬಂದರು, ಯಾವ ಬಂದೂಕು, ಬ್ಯಾಗಿನಲ್ಲಿ ಏನೇನಿತ್ತು. ಸಿನಿಮಾ ಕಥೆ ಹೇಳಿದ ಹಾಗೆ. ಅದೇ ಸ್ಟೇಷನ್ನಿನಲ್ಲಿ ವಿಷ್ಣು ಝೆಂಡೆ ಅನ್ನುವ ರೈಲ್ವೆ ಅನೌನ್ಸರ್ ತನ್ನ ಕ್ಯಾಬಿನ್ ಬಿಟ್ಟು ಓಡದೆ, ಈ ಕಡೆ ಬರಬೇಡಿ, ಹಿಂದಿನಿಂದ ಹೊರಗೆ ಹೋಗಿ ಅಂತ ಮೈಕಿನಲ್ಲಿ ಕೂಗಿ ಕೂಗಿ ಎಷ್ಟೋ ಜನರನ್ನು ಉಳಿಸಿದರಲ್ಲ, ಅವರ ಬಗ್ಗೆ ಒಂದೇ ಒಂದು ಮಾತು ಹೇಳಿ ಮುಂದೆ ಹೊರಟ. ಅಕ್ಕನ ಮಗ ನನ್ನ ಕಿವಿಯಲ್ಲಿ, "ಮಾಮಾ, ಹೊಡದವ್ರ ಹೆಸ್ರು ಎಲ್ಲಾ ಹೇಳಿದ್ರು, ಸತ್ತವ್ರದ್ದು ಒಂದೂ ಬರಲಿಲ್ಲ ನೋಡ್ರಿ" ಅಂದ. ಸತ್ತವರು 166 ಜನ.

ಡಿ.ಎನ್. ರೋಡ್ ಹಿಡಿದು ಹುತಾತ್ಮ ಚೌಕ. ದೀವಟಿಗೆ ಹಿಡಿದ ರೈತ ಮತ್ತು ಕಾರ್ಮಿಕನ ಪ್ರತಿಮೆ, ಮುಂಬೈ ಸೇರಿದ ಮರಾಠಿ ರಾಜ್ಯ ಬೇಕು ಅಂತ ನಡೆದ ಸಂಯುಕ್ತ ಮಹಾರಾಷ್ಟ್ರ ಚಳವಳಿಯಲ್ಲಿ ಸತ್ತವರ ನೆನಪಿಗೆ ನಿಲ್ಲಿಸಿದ್ದು. ಗೈಡ್ ಅಲ್ಲಿ ನಿಲ್ಲಲೇ ಇಲ್ಲ. ಗಡಿ ಕಡೆಯ ಕನ್ನಡಿಗರಿಗೆ ಆ ಕಥೆ ಸ್ವಲ್ಪ ಕಸಿವಿಸಿ, ಅದು ಬೇರೆ ಮಾತು. ಆದರೆ ಈ ಊರು ಸತ್ತವರನ್ನು ರಸ್ತೆ ಮಧ್ಯದಲ್ಲೇ ನಿಲ್ಲಿಸಿ ನೆನೆಯುವುದು ಹೊಸದಲ್ಲ ಅಂತ ತೋರಿಸೋಕೆ ಅದಕ್ಕಿಂತ ಒಳ್ಳೆ ಜಾಗ ಬೇಕಿತ್ತಾ?

ಇಡೀ ನಡಿಗೆಯಲ್ಲಿ ನನಗೆ ಮನಸ್ಸಿಗೆ ತಟ್ಟಿದ್ದು ಲಿಯೋಪೋಲ್ಡ್ ಕೆಫೆ. 1871ರಿಂದ ಇರುವ ಇರಾನಿ ಜಾಗ. ದಾಳಿ ಆಗಿ ಕೆಲವೇ ದಿನಕ್ಕೆ ಬಾಗಿಲು ತೆರೆದರು, ಗುಂಡು ಹೊಕ್ಕ ತೂತುಗಳನ್ನು ಮುಚ್ಚದೆ ಹಾಗೇ ಬಿಟ್ಟರು. ಯಾವ ಶಿಲ್ಪಿಯೂ ಮಾಡಿದ್ದಲ್ಲ, ಯಾವ ಮಂತ್ರಿಯೂ ಪರದೆ ಸರಿಸಿದ್ದಲ್ಲ. ಸುಮ್ನೆ ಸಿಮೆಂಟ್ ಹಚ್ಚಲಿಲ್ಲ, ಅಷ್ಟೇ. ಅದರ ಪಕ್ಕದಲ್ಲೇ ಜನ ಬಿಯರ್ ಕುಡಿಯುತ್ತಾರೆ, ಜಗಳ ಆಡುತ್ತಾರೆ, ಸೆಲ್ಫಿ ತೆಗೆಯುತ್ತಾರೆ. ಮೊದಲು ನನಗೆ ಸೆಲ್ಫಿ ನೋಡಿ ಸಿಟ್ಟು ಬರುತ್ತಿತ್ತು. ಈಗ ಬರುವುದಿಲ್ಲ. ಹುಡುಗ ಫೋಟೋ ತೆಗೆಯಲಿಲ್ಲ, ಕಾಫಿ ಆರುವ ತನಕ ಗೋಡೆಯನ್ನೇ ನೋಡುತ್ತಾ ಕೂತಿದ್ದ. ಗೈಡ್ ಮಾತ್ರ ಹತ್ತೇ ನಿಮಿಷ ಕೊಟ್ಟು ಅವಸರ ಮಾಡಿದ.

ಆಮೇಲೆ ನಾರಿಮನ್ ಹೌಸ್, ದಾಳಿಗೆ ಗುರಿಯಾದ ಯಹೂದಿ ಕೇಂದ್ರ. ಬುಕ್ ಮಾಡುವಾಗ "ಒಳಗಿನ ಸ್ಮಾರಕ ಭೇಟಿ" ಅಂತ ಬರೆದಿದ್ದರು. ಹೋದ ಮೇಲೆ, ಮೊದಲೇ ಅನುಮತಿ ತಗೊಳ್ಳಬೇಕು, ನಾವು ತಗೊಂಡಿಲ್ಲ ಅಂದ! ಗಲ್ಲಿಯಲ್ಲಿ ನಿಂತು ಕತ್ತೆತ್ತಿ ನೋಡಿ ವಾಪಸ್. ತಾಜ್ ಹೋಟೆಲ್ ಕೂಡ ಹಾಗೇ. ಒಳಗೆ ಅಲ್ಲಿ ಸತ್ತ 31 ಜನರ ಹೆಸರಿನ ಸ್ಮಾರಕ ಇದೆ, ನಾವು ಹೊರಗೆ ಪಾರಿವಾಳಗಳ ಜೊತೆ. ಸೆಕ್ಯುರಿಟಿ ಬೇಕು, ಒಪ್ಪುತ್ತೇನೆ, ಆ ಜಾಗದವರದ್ದೇನೂ ತಪ್ಪಿಲ್ಲ. ಆದರೆ ದುಡ್ಡು ತಗೊಂಡವರು ಮೊದಲೇ ಹೇಳಬೇಕು ಅಲ್ವಾ? ಅರ್ಧ ದುಡ್ಡು ವಾಪಸ್ ಕೇಳಿದೆ, "ಸರ್, ಆಫೀಸಿಗೆ ಮೇಲ್ ಮಾಡಿ" ಅಂದ. ಮಾಡಿದ್ದೇನೆ. ಉತ್ತರ ಇಲ್ಲ.

ಗೇಟ್‌ವೇ ಮುಂದೆ ನಡಿಗೆ ಮುಗಿಯಿತು. ಅಲ್ಲಿ ನಾನೇ ಬಾಯಿ ಬಿಟ್ಟೆ. 2008ರ ಡಿಸೆಂಬರ್ 3ರ ಸಂಜೆ, ದಾಳಿ ಶುರುವಾಗಿ ಸರಿಯಾಗಿ ಒಂದು ವಾರಕ್ಕೆ, ಇಲ್ಲಿ ಕಾಲಿಡೋಕೆ ಜಾಗ ಇರಲಿಲ್ಲ. ಮೇಣದಬತ್ತಿ, ರಟ್ಟಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ಬರೆದ ಬೋರ್ಡುಗಳು, ಸಿಟ್ಟು, ಅಳು, ಬೈಗುಳ ಎಲ್ಲ ಅದರಲ್ಲೇ. ಯಾರೋ ಉದ್ದ ಬಿಳಿ ಬಟ್ಟೆ ಹಾಸಿದ್ದರು, ಬಂದವರೆಲ್ಲ ಬಗ್ಗಿ ಬರೆಯುತ್ತಿದ್ದರು, ಮರಾಠಿ, ಹಿಂದಿ, ಇಂಗ್ಲಿಷ್, ಗುಜರಾತಿ. ನಮ್ಮ ಬಿಲ್ಡಿಂಗಿನ ಶೆಟ್ಟರು, ಫೋರ್ಟಿನ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುವವರು, ದಾಳಿಯ ರಾತ್ರಿ ಶಟರ್ ಎಳೆದು ಹುಡುಗರ ಜೊತೆ ಒಳಗೇ ನೆಲದ ಮೇಲೆ ಮಲಗಿದ್ದವರು, ಪೆನ್ನು ನನ್ನ ಕೈಗೆ ಕೊಟ್ಟು, "ಕನ್ನಡದಲ್ಲೂ ಒಂದು ಬರೀರಿ ಮಾರಾಯ್ರೆ" ಅಂದರು. "ನಾವೂ ಇಲ್ಲೇ ಇದ್ದೇವೆ" ಅಂತ ಬರೆದೆ. ಬೇರೆ ಏನೂ ತೋಚಲಿಲ್ಲ. ಆ ಬಟ್ಟೆ ಆಮೇಲೆ ಎಲ್ಲಿ ಹೋಯಿತೋ. ಗುಂಪಿನವರೆಲ್ಲ ಸುಮ್ಮನೆ ನಿಂತು ಕೇಳಿದರು, ಗೈಡ್ ಕೂಡ. ಅಷ್ಟಕ್ಕೆ ಅವನಿಗೆ ಒಂದು ಸ್ಟಾರ್ ಜಾಸ್ತಿ ಕೊಡುತ್ತೇನೆ.

ಇನ್ನೊಂದು ದೊಡ್ಡ ಕೊರತೆ. ತುಕಾರಾಮ್ ಓಂಬ್ಳೆ ಇವರ ನಡಿಗೆಯಲ್ಲಿಲ್ಲ! ಬರೀ ಕೈಯಲ್ಲಿ ಎಕೆ-47ರ ನಳಿಗೆ ಹಿಡಿದು, ಗುಂಡು ತಿಂದು, ದಾಳಿಕೋರ ಕಸಬ್‌ನನ್ನು ಜೀವಂತ ಹಿಡಿಯೋಕೆ ಕಾರಣರಾದ ಪೊಲೀಸ್. ಅಶೋಕ ಚಕ್ರ ಸಿಕ್ಕಿತು. 2021ರಲ್ಲಿ ಥಾಣೆ ಕಡೆ ಸಿಕ್ಕ ಒಂದು ಜಿಗಿಯುವ ಜೇಡಕ್ಕೂ ಅವರ ಹೆಸರಿಟ್ಟರು, ಐಸಿಯಸ್ ತುಕಾರಾಮಿ ಅಂತ. ಗಿರ್‌ಗಾಂವ್ ಚೌಪಾಟಿಯಲ್ಲಿ ಅವರ ಪ್ರತಿಮೆ ಇದೆ, ಟಿಕೆಟ್ ಇಲ್ಲ, ಅನುಮತಿ ಇಲ್ಲ. ನಡಿಗೆ ಮುಗಿದ ಮೇಲೆ ನಾವಿಬ್ಬರೇ ಚರ್ಚ್‌ಗೇಟಿಗೆ ಹೋಗಿ ಸ್ಲೋ ಲೋಕಲ್ ಹಿಡಿದು ಎರಡನೇ ಸ್ಟೇಷನ್ ಚರ್ನಿ ರೋಡಿನಲ್ಲಿ ಇಳಿದೆವು. ಹುಡುಗ ಇಪ್ಪತ್ತು ರೂಪಾಯಿಗೆ ಚೆಂಡುಹೂವಿನ ಮಾಲೆ ತಗೊಂಡ. "ನಮ್ಮ ಕಡೆ ಸಂದೀಪ್ ಉನ್ನಿಕೃಷ್ಣನ್ ಅವ್ರ ಹೆಸರಿನ ರೋಡ್ ಐತಲ್ರೀ, ಬೆಂಗಳೂರಾಗ" ಅಂದ. ತಾಜ್‌ನಲ್ಲಿ ಹೋರಾಡುತ್ತಾ ಸತ್ತ ಕಮಾಂಡೊ ಮೇಜರ್ ಅವರು. ರೋಡ್ ಯಲಹಂಕದಲ್ಲಿ ಇದೆ, ಹೌದು.

ಐದಕ್ಕೆ ಮೂರು. ಹೋಗುವುದಾದರೆ ನಾರಿಮನ್ ಹೌಸ್ ಅನುಮತಿ ಯಾರು ತಗೊಳ್ಳುತ್ತಾರೆ ಅಂತ ಮೊದಲೇ ಬರವಣಿಗೆಯಲ್ಲಿ ಕೇಳಿಸಿಕೊಳ್ಳಿ. ನೀರು ಒಯ್ಯಿರಿ. ಲಿಯೋಪೋಲ್ಡಿನಲ್ಲಿ ಗೈಡ್ ಅವಸರ ಮಾಡಿದರೆ ಏಳಬೇಡಿ.