ಬಿಚ್ಚುವ ಬೂಟಾ, ಬಿಚ್ಚಲಾಗದ ಪ್ಲಾಸ್ಟರಾ? ನನ್ನ ಅಂಗಾಲಿನ ಹುಣ್ಣು ಮಾಸಿದ ಕತೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಪ್ಲಾಸ್ಟರಿಗೆ. ಹುಣ್ಣಿನ ಮೇಲೆ ಮೈಭಾರ ಬೀಳದಿರಲಿ ಅಂತ ಬಿಚ್ಚಿ ಹಾಕುವ ಬೂಟನ್ನು ಐದು ವಾರ ಕಟ್ಟಿಕೊಂಡು ಓಡಾಡಿದೆ. ಹುಣ್ಣು ಇದ್ದಷ್ಟೇ ಇತ್ತು. ಆಮೇಲೆ ಬಿಚ್ಚಲಾಗದ ಪ್ಲಾಸ್ಟರ್ ಹಾಕಿಸಿಕೊಂಡೆ, ಆರು ವಾರಕ್ಕೆ ಮಾಸಿತು. ಅದೇ ಕಾಲು, ಅದೇ ಹುಣ್ಣು, ಅದೇ ಡಾಕ್ಟರು.

ನನಗೆ ಶುಗರ್ ಬಂದು ಹದಿನಾಲ್ಕು ವರ್ಷ. ಪಾದಗಳಲ್ಲಿ ಜೋಮು ಹಿಡಿದು ಎಷ್ಟು ವರ್ಷವಾಯಿತೋ ಸರಿಯಾಗಿ ಗೊತ್ತಿಲ್ಲ, ಅದು ಸದ್ದಿಲ್ಲದೆ ಬರುವಂಥದ್ದು. ಹುಣ್ಣಿಗೆ ಕಾರಣ ಒಂದು ಜೊತೆ ಹೊಸ ಶೂ. ಮೆತ್ತಗಿತ್ತು, ಹಗುರವಾಗಿತ್ತು, ಅಂಗಡಿಯಲ್ಲಿ ಹಾಕಿ ನಾಲ್ಕು ಹೆಜ್ಜೆ ನಡೆದಾಗ ಹಿತವಾಗಿತ್ತು. ಸರಿಯಾದ ಅಳತೆಯದು ಸಡಿಲ ಅನ್ನಿಸಿತು ಅಂತ ಒಂದು ಸೈಜ್ ಚಿಕ್ಕದನ್ನೇ ತಂದೆ. ಸ್ಪರ್ಶ ಕಮ್ಮಿಯಾದ ಕಾಲಿಗೆ ಸರಿಯಾದ ಶೂ ಸಡಿಲ ಅನ್ನಿಸುತ್ತದೆ, ಬಿಗಿಯಾಗಿದ್ದರೆ ಮಾತ್ರ ಹಾಕಿಕೊಂಡ ಹಾಗೆ ಅನ್ನಿಸುತ್ತದೆ. ಇದು ನನಗೆ ಗೊತ್ತಾಗಿದ್ದು ಆಮೇಲೆ. ನೀವು ಜೋಮು ಇರುವ ಕಾಲಿಗೆ ಶೂ ಕೊಳ್ಳುತ್ತಿದ್ದರೆ ದಯವಿಟ್ಟು ಕಾಲಿನ ಮಾತು ನಂಬಬೇಡಿ, ಅಳತೆಪಟ್ಟಿಯ ಮಾತು ನಂಬಿ. ನಿಂತುಕೊಂಡು, ಸಂಜೆ ಹೊತ್ತಿನಲ್ಲಿ ಅಳೆಯಿರಿ. ಶೂ ಒಳಗಿನ ಉದ್ದ ಪಾದಕ್ಕಿಂತ 1ರಿಂದ 2 ಸೆಂಟಿಮೀಟರ್ ಜಾಸ್ತಿ ಇರಬೇಕು.

ಹೆಬ್ಬೆರಳಿನ ಬುಡದಲ್ಲಿ ಮೊದಲು ಚರ್ಮ ದಡ್ಡುಗಟ್ಟಿತು. ನಡೆದಾಡುವವರಿಗೆ ಇದೆಲ್ಲ ಮಾಮೂಲು ಅಂದುಕೊಂಡೆ. ಒಂದು ಸಂಜೆ ಕಾಲುಚೀಲ ತೆಗೆದಾಗ ಅದರಲ್ಲಿ ನಾಣ್ಯದಷ್ಟು ಅಗಲದ ಕಂದುಹಳದಿ ಕಲೆ. ನೋವು ಒಂದಿಷ್ಟೂ ಇಲ್ಲ. ಡಾಕ್ಟರು ದಡ್ಡು ಚರ್ಮವನ್ನು ಪದರ ಪದರವಾಗಿ ಹೆರೆದರು. ಒಳಗೆ ಒಣಗಿದ ರಕ್ತದ ಕಪ್ಪು ಚುಕ್ಕೆ, ಅದರಡಿ ಕಿರುಬೆರಳಿನ ಉಗುರಿನಷ್ಟು ತೂತು. ಮೊಂಡು ತುದಿಯ ಕಡ್ಡಿ ಇಳಿಸಿ ಮೂಳೆಗೆ ತಾಗುತ್ತದಾ ಅಂತ ನೋಡಿದರು. ಎಕ್ಸ್‌ರೇ ತೆಗೆಸಿದರು. ಕಾಲ್ಬೆರಳಿನ ರಕ್ತದ ಒತ್ತಡವನ್ನೂ ಅಳೆದರು. ಶುಗರ್ ಇರುವವರಲ್ಲಿ ಕಾಲಿನ ರಕ್ತನಾಳ ಗಟ್ಟಿಯಾಗಿದ್ದರೆ ಕಣಕಾಲಿನ ಅಳತೆ ಚೆನ್ನಾಗಿರುವ ಹಾಗೆ ಸುಳ್ಳು ತೋರಿಸಬಹುದಂತೆ, ಅದಕ್ಕೇ ಬೆರಳಿನದೂ ಬೇಕು. ನನಗೆ ಮೂಳೆ ಸೋಂಕಿರಲಿಲ್ಲ, ಕೀವಿರಲಿಲ್ಲ, ರಕ್ತ ಚೆನ್ನಾಗಿ ಹರಿಯುತ್ತಿತ್ತು. ಅಂದರೆ ಹುಣ್ಣು ಮಾಸದಂತೆ ತಡೆಯುತ್ತಿದ್ದದ್ದು ಒಂದೇ ಒಂದು: ನನ್ನ ಮೈಭಾರ.

ಸ್ಪರ್ಶ ಇರುವವರು ಕಾಲಡಿ ಗಾಯವಾದರೆ ಕುಂಟುತ್ತಾರೆ. ಆ ಕುಂಟೇ ಔಷಧ. ನಾನು ಕುಂಟಲಿಲ್ಲ, ನೇರ ಅದರ ಮೇಲೇ ನಡೆದೆ. ವೆಲ್ಲೂರಿನಲ್ಲಿ ಕುಷ್ಠರೋಗಿಗಳಿಗೆ ಶಸ್ತ್ರಚಿಕಿತ್ಸೆ ಮಾಡುತ್ತಿದ್ದ ಡಾಕ್ಟರ್ ಪಾಲ್ ಬ್ರ್ಯಾಂಡ್ ಇದನ್ನೇ ಕಂಡುಕೊಂಡರು. ಬೆರಳುಗಳು ಹಾಳಾಗುವುದು ರೋಗ ತಿಂದುಹಾಕುವುದರಿಂದಲ್ಲ, ನೋವು ಗೊತ್ತಾಗದೆ ಮತ್ತೆ ಮತ್ತೆ ಪೆಟ್ಟು ಬೀಳುವುದರಿಂದ. ಶುಗರ್ ಕಾಲಿನ ಕತೆಯೂ ಅದೇ. ಹಾಗಾಗಿ ಚಿಕಿತ್ಸೆಯ ಮುಖ್ಯ ಭಾಗ ಹುಣ್ಣಿನ ಮೇಲಿನ ಭಾರ ಇಳಿಸುವುದು.

ಡಾಕ್ಟರು ಮೊದಲು ಹೇಳಿದ್ದೇ ಪ್ಲಾಸ್ಟರ್. ಬೇಡ ಅಂದವನು ನಾನು. ಸ್ನಾನ ಹೇಗೆ, ನಿದ್ದೆ ಹೇಗೆ, ಒಳಗೆ ಏನಾಗುತ್ತಿದೆ ಅಂತ ನೋಡುವುದು ಹೇಗೆ ಅಂತ ಹೆದರಿದೆ. ಮೊಣಕಾಲಿನವರೆಗೆ ಬರುವ, ವೆಲ್ಕ್ರೋ ಪಟ್ಟಿಗಳಿರುವ ವಾಕರ್ ಬೂಟು ಕೊಂಡೆ.

ಬೂಟು ಒಳ್ಳೆಯದೇ. ಅಡಿ ಗಟ್ಟಿ, ತೊಟ್ಟಿಲಿನ ಹಾಗೆ ಮುಂದಕ್ಕೆ ಬಾಗಿದೆ, ಹೆಜ್ಜೆ ಹಾಕಿದರೆ ಪಾದ ಮಡಚುವುದಿಲ್ಲ, ಭಾರ ಉರುಳಿಹೋಗುತ್ತದೆ. ಸ್ವಲ್ಪ ಪಾಲನ್ನು ಮೀನಖಂಡ ಹೊರುತ್ತದೆ. ಹಾಕಿಕೊಂಡಷ್ಟು ಹೊತ್ತು ಅದು ಒತ್ತಡ ಇಳಿಸುವುದು ಹೆಚ್ಚು ಕಮ್ಮಿ ಪ್ಲಾಸ್ಟರಿನಷ್ಟೇ. ದಿನಾ ಬಿಚ್ಚಿ ಗಾಯ ನೋಡಬಹುದು, ಪಟ್ಟಿ ಬದಲಾಯಿಸಬಹುದು, ಸ್ನಾನ ಸಲೀಸು.

ತೊಂದರೆ ಇರುವುದು ಅದೇ "ಹಾಕಿಕೊಂಡಷ್ಟು ಹೊತ್ತು" ಅನ್ನುವ ಮಾತಿನಲ್ಲಿ. ನನ್ನ ಬೂಟಿಗೆ ಐದು ಪಟ್ಟಿ. ಹೊರಗೆ ಹೋಗುವಾಗ ಐದನ್ನೂ ಬಿಗಿಯುತ್ತಿದ್ದೆ, ಒಂದು ದಿನವೂ ತಪ್ಪಿಸಿಲ್ಲ. ಮನೆಗೆ ಬಂದ ಮೇಲೆ ಬಿಸಿ, ಬೆವರು, ಭಾರ, ಹಾಗಾಗಿ ಕುರ್ಚಿಯಲ್ಲಿ ಕೂತೊಡನೆ ಬಿಚ್ಚುತ್ತಿದ್ದೆ. ಕೂತವನು ಕೂತೇ ಇರುವುದಿಲ್ಲ ಅಲ್ವಾ? ಫೋನ್ ಬಡಿದುಕೊಂಡರೆ ಏಳಬೇಕು, ನೀರು ಬೇಕಾದರೆ ಏಳಬೇಕು. ನಾಲ್ಕು ಹೆಜ್ಜೆಗೆ ಯಾರು ಐದು ಪಟ್ಟಿ ಕಟ್ಟುತ್ತಾರೆ ಅಂತ ಬರಿಗಾಲಲ್ಲೇ ಹೋಗುತ್ತಿದ್ದೆ.

ರಾತ್ರಿ ಇನ್ನೂ ಕಷ್ಟ. ಶುಗರ್ ಇರುವವರು ರಾತ್ರಿ ಎರಡು ಮೂರು ಸಲ ಏಳುವುದು ಹೊಸದಲ್ಲ. ಕತ್ತಲಲ್ಲಿ ಆ ವೆಲ್ಕ್ರೋ ಪರ್ ಪರ್ ಅಂತ ಕಿತ್ತುಬರುವ ಸದ್ದಿಗೆ ಹೆಂಡತಿಗೆ ಎಚ್ಚರವಾಗುತ್ತಿತ್ತು. ಅವಳ ನಿದ್ದೆ ಯಾಕೆ ಕೆಡಿಸಲಿ ಅಂತ ಬೂಟು ಬಿಟ್ಟೇ ಬಚ್ಚಲಿಗೆ ಹೋಗುತ್ತಿದ್ದೆ. ಮಂಚದಿಂದ ಬಚ್ಚಲಿಗೆ ಹನ್ನೊಂದು ಹೆಜ್ಜೆ. ಹೋಗಿಬರಲು ಇಪ್ಪತ್ತೆರಡು. ಮೂರು ಸಲಕ್ಕೆ ಅರವತ್ತಾರು. ಅದರಲ್ಲಿ ಅರ್ಧ ಹೆಜ್ಜೆ ಹುಣ್ಣಿದ್ದ ಕಾಲಿನವು, ಪ್ರತಿಯೊಂದೂ ನೇರ ಹುಣ್ಣಿನ ಮೇಲೆ. ನಾನು ಈ ಲೆಕ್ಕ ಹಾಕಿದ್ದು ಐದನೇ ವಾರ, ಡಾಕ್ಟರು ಗಾಯ ಅಳೆದು, ಹಳೆಯ ಅಳತೆಯ ಪಕ್ಕದಲ್ಲೇ ಅದೇ ಸಂಖ್ಯೆ ಬರೆದಾಗ.

"ಮನೆಯಲ್ಲಿ ಬಿಚ್ಚುತ್ತೀರಾ?" ಅಂತ ಕೇಳಿದರು. ಬೈಯಲಿಲ್ಲ. ಎಲ್ಲರೂ ಬಿಚ್ಚುತ್ತಾರೆ ಅಂದರು. ಅಮೆರಿಕದ ಡಾಕ್ಟರ್ ಡೇವಿಡ್ ಆರ್ಮ್‌ಸ್ಟ್ರಾಂಗ್ ಮತ್ತು ಅವರ ಜೊತೆಯವರು 2003ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಅಳೆದು ತೋರಿಸಿದೆ. 20 ಜನರ ಸೊಂಟಕ್ಕೊಂದು, ಬೂಟಿನೊಳಗೊಂದು ಚಲನೆ ಅಳೆಯುವ ಸಾಧನ ಇಟ್ಟರು. ದಿನದ ಓಡಾಟದಲ್ಲಿ ಬೂಟು ಕಾಲಿಗಿದ್ದದ್ದು ಬರೀ ಶೇಕಡ 28 ಭಾಗ. ಅದೇ ತಂಡದ 2001ರ ಹೋಲಿಕೆಯಲ್ಲಿ 12 ವಾರದೊಳಗೆ ಹುಣ್ಣು ಮಾಸಿದ್ದು ಪ್ಲಾಸ್ಟರಿನಲ್ಲಿ ಸುಮಾರು ಶೇಕಡ 90 ಜನರಿಗೆ, ಬಿಚ್ಚುವ ಬೂಟಿನಲ್ಲಿ 65, ಅರ್ಧ ಶೂನಲ್ಲಿ 58. ನನಗೆ ಅನ್ನಿಸುವುದು, ಈ ವ್ಯತ್ಯಾಸದಲ್ಲಿ ದೊಡ್ಡ ಪಾಲು ನನ್ನ ಹನ್ನೊಂದು ಹೆಜ್ಜೆಯಂಥ ಹೆಜ್ಜೆಗಳದು.

ಅರ್ಧ ಶೂ ಅಂದರೆ ಹಿಮ್ಮಡಿಯಡಿ ಮಾತ್ರ ಎತ್ತರದ ಅಟ್ಟೆ ಇರುವಂಥದ್ದು. ಕ್ಲಿನಿಕ್‌ನಲ್ಲಿ ಹಾಕಿ ನೋಡಿದೆ, ಗೋಡೆ ಹಿಡಿಯದೆ ನಡೆಯಲು ಆಗಲಿಲ್ಲ, ಬಿಟ್ಟೆ.

ಹುಣ್ಣಿಗೆ ಹಚ್ಚುವ ದುಬಾರಿ ಜೆಲ್‌ಗಳನ್ನೂ ಬೂಟಿನ ಕಾಲದಲ್ಲಿ ಎರಡು ಬಗೆ ಪ್ರಯತ್ನಿಸಿದೆ. ಭಾರ ಇಳಿಯದೆ ಯಾವುದೂ ಕೆಲಸ ಮಾಡಲಿಲ್ಲ. ಪ್ಲಾಸ್ಟರಿನೊಳಗೆ ಸಲೈನ್‌ನಲ್ಲಿ ತೊಳೆದು ಸಾದಾ ಪಟ್ಟಿ ಇಟ್ಟರು, ಅಷ್ಟೇ ಸಾಕಾಯಿತು. ಸೋಂಕಿಲ್ಲದ ಹುಣ್ಣಿಗೆ ಆ್ಯಂಟಿಬಯೋಟಿಕ್ ಬೇಡ ಅಂತ ಅದನ್ನೂ ಕೊಡಲಿಲ್ಲ.

ಈಗ ಪ್ಲಾಸ್ಟರ್. ಟೋಟಲ್ ಕಾಂಟ್ಯಾಕ್ಟ್ ಕಾಸ್ಟ್ ಅನ್ನುತ್ತಾರೆ. ಮೂಳೆ ಮುರಿದಾಗ ಹಾಕುವ ಹಾಗಲ್ಲ, ಒಳಗೆ ಹತ್ತಿ ಕಮ್ಮಿ, ಪಾದ ಮತ್ತು ಮೀನಖಂಡದ ಆಕಾರಕ್ಕೆ ಅಂಟಿಕೊಂಡ ಹಾಗೆ ಸುತ್ತುತ್ತಾರೆ. ಬೆರಳುಗಳ ಸುತ್ತ ಸ್ಪಂಜು, ಮೂಳೆ ಎದ್ದಿರುವ ಕಡೆ ಮೆತ್ತೆ. ಭಾರ ಒಂದೇ ಕಡೆ ಬೀಳದೆ ಇಡೀ ಅಂಗಾಲಿಗೂ ಕಾಲಿನ ಗೋಡೆಗೂ ಹಂಚಿಹೋಗುತ್ತದೆ. ಹಾಕುವುದು ಕೈ ಪಳಗಿದವರ ಕೆಲಸ. ತಪ್ಪು ಹಾಕಿದರೆ ಪ್ಲಾಸ್ಟರೇ ಹೊಸ ಹುಣ್ಣು ಮಾಡುತ್ತದೆ, ಜೋಮಿರುವ ಕಾಲಿಗೆ ಅದೂ ತಿಳಿಯುವುದಿಲ್ಲ. ಹಾಗಾಗಿ ವಾರಕ್ಕೊಮ್ಮೆ ಬಿಚ್ಚಿ, ದಡ್ಡು ಹೆರೆದು, ಹೊಸದು ಹಾಕುತ್ತಾರೆ. ಮೊದಲನೆಯದನ್ನು ನಾಲ್ಕು ದಿನಕ್ಕೇ ಬದಲಿಸಿದರು, ಊತ ಇಳಿದು ಸಡಿಲವಾಗಿತ್ತು.

ಕಷ್ಟ ಇಲ್ಲ ಅಂತ ಹೇಳುವುದಿಲ್ಲ. ಸ್ನಾನಕ್ಕೆ ಸ್ಟೂಲು, ಪ್ಲಾಸ್ಟಿಕ್ ಚೀಲ. ಒಂದು ಕಾಲು ಎತ್ತರವಾಗಿ ಸೊಂಟ ನೋಯುತ್ತಿತ್ತು, ಇನ್ನೊಂದು ಶೂಗೆ ದಪ್ಪ ಅಟ್ಟೆ ಹಾಕಿಸಿದ ಮೇಲೆ ಹೋಯಿತು. ಮೊದಲ ವಾರ ಬೀಳುವ ಭಯಕ್ಕೆ ಕೋಲು ಹಿಡಿದೆ. ಆದರೆ ರಾತ್ರಿ ಎದ್ದಾಗ ಯೋಚನೆಯೇ ಇರಲಿಲ್ಲ. ಕಟ್ಟಬೇಕಾ ಬೇಡವಾ ಅನ್ನುವ ಪ್ರಶ್ನೆಯೇ ಇಲ್ಲವಾದ್ದರಿಂದ ಸೋಲುವುದೂ ಇಲ್ಲ. ಎರಡನೇ ವಾರಕ್ಕೇ ಗಾಯದ ಅಂಚು ಗುಲಾಬಿ ಬಣ್ಣಕ್ಕೆ ತಿರುಗಿ ಒಳಕ್ಕೆ ಬಂದಿತ್ತು.

ಎಲ್ಲರಿಗೂ ಇದು ಆಗುವುದಿಲ್ಲ, ಇದನ್ನು ಗಟ್ಟಿಯಾಗಿ ಹೇಳಲೇಬೇಕು. ಸೋಂಕು ಜೋರಾಗಿದ್ದರೆ, ರಕ್ತ ಸರಿಯಾಗಿ ಹರಿಯದಿದ್ದರೆ ಗಾಯವನ್ನು ವಾರವಿಡೀ ಮುಚ್ಚಿಡುವುದು ಅಪಾಯ. ಅಂಥವರಿಗೆ ಬಿಚ್ಚುವ ಬೂಟೇ ಸರಿ, ಕೆಲವರಿಗೆ ಮೊದಲು ರಕ್ತನಾಳದ ಚಿಕಿತ್ಸೆ ಬೇಕಾಗುತ್ತದೆ. ಪ್ಲಾಸ್ಟರ್ ಇರುವಾಗ ಜ್ವರ ಬಂದರೆ, ಕಾರಣವಿಲ್ಲದೆ ಶುಗರ್ ಏರಿದರೆ, ಹೊಸ ವಾಸನೆ ಅಥವಾ ಒದ್ದೆ ಕಲೆ ಕಂಡರೆ, ಒಳಗೆ ಕಾಲು ಜಾರಾಡಿದರೆ ಅವತ್ತೇ ಹೋಗಬೇಕು. ನಾಳೆ ಅನ್ನಬೇಡಿ.

ಖರ್ಚಿನ ವಿಷಯ. ಬೂಟು ಒಂದೇ ಸಲದ ಖರ್ಚು, ಪ್ಲಾಸ್ಟರ್ ವಾರ ವಾರ ಕೈಯಿಂದ ಹೋಗುವಂಥದ್ದು. ಆದರೆ ಮಾಸದ ಹುಣ್ಣಿನ ಐದು ವಾರದ ಪಟ್ಟಿ, ಜೆಲ್, ಕೆಲಸಕ್ಕೆ ಹಾಕಿದ ರಜೆ ಸೇರಿಸಿದರೆ ನನಗೆ ಬೂಟೇ ದುಬಾರಿಯಾಯಿತು. ಇವೆರಡರ ನಡುವಿನ ದಾರಿಯೊಂದಿದೆ, ನನಗೆ ತಡವಾಗಿ ತಿಳಿಯಿತು. ಬಿಚ್ಚುವ ಬೂಟಿನ ಮೇಲೆಯೇ ಪ್ಲಾಸ್ಟರ್ ರೋಲ್ ಒಂದು ಸುತ್ತು ಸುತ್ತಿ ಬಿಚ್ಚದ ಹಾಗೆ ಮಾಡಿಬಿಡುತ್ತಾರೆ. ಹುಣ್ಣು ಮಾಸುವುದು ಪೂರ್ತಿ ಪ್ಲಾಸ್ಟರಿನಷ್ಟೇ ಅಂತ 2005ರ ಅಧ್ಯಯನ ತೋರಿಸಿತು, ಹಾಕಲು ಹೊತ್ತೂ ದುಡ್ಡೂ ಕಮ್ಮಿ. ನಿಮ್ಮ ಮನೆಯಲ್ಲಿ ಆಗಲೇ ಬೂಟು ಇದ್ದರೆ ಡಾಕ್ಟರನ್ನು ಇದರ ಬಗ್ಗೆ ಕೇಳಿ. ನಾವೇ ಸುತ್ತಿಕೊಳ್ಳುವ ಕೆಲಸವಲ್ಲ ಇದು.

ಹುಣ್ಣು ಮಾಸಿದ ದಿನ ಡಾಕ್ಟರು ಹೇಳಿದ್ದು ನನ್ನನ್ನು ಬೆಚ್ಚಿಬೀಳಿಸಿತು. ಮಾಸಿದವರಲ್ಲಿ ಸುಮಾರು ಶೇಕಡ 40 ಜನರಿಗೆ ಒಂದೇ ವರ್ಷದೊಳಗೆ ಮತ್ತೆ ಹುಣ್ಣಾಗುತ್ತದೆ. ಹಾಗಾಗಿ ಮುಂದಿನ ಚಪ್ಪಲಿ ಶೂಗಳನ್ನೂ ಹೋಲಿಸಿ ನೋಡಿಯೇ ತೆಗೆದುಕೊಂಡೆ. ಹಳೆಯ ಮೆತ್ತನೆಯ ಶೂ ಬೆರಳ ಬುಡದಲ್ಲೇ ಮಡಚುತ್ತಿತ್ತು, ಅದೇ ಜಾಗದಲ್ಲಿ ಭಾರ ಕುಕ್ಕುತ್ತಿತ್ತು. ಈಗಿನದರ ಅಟ್ಟೆ ಗಟ್ಟಿ, ಮುಂದೆ ಬಾಗಿದೆ, ಒಳಗೆ ನನ್ನ ಪಾದದ ಅಚ್ಚಿನಿಂದ ಮಾಡಿದ ಇನ್‌ಸೋಲ್. ಕಣ್ಣಿಗೆ ಒರಟಾಗಿ ಕಾಣುತ್ತದೆ. ಅಂಗಡಿಯಲ್ಲಿ ಯಾರೂ ಮೆಚ್ಚಿ ಕೊಳ್ಳುವಂಥದ್ದಲ್ಲ. ನನಗೆ ಇದೇ ಬೇಕು.

ಆದರೆ ಅದನ್ನು ಹೊರಗೆ ಮಾತ್ರ ಹಾಕಿ ಮನೆಯಲ್ಲಿ ಬರಿಗಾಲಾದರೆ ಬೂಟಿನ ಕತೆಯೇ ಮತ್ತೆ ಶುರು. ಹಾಗಾಗಿ ಒಳ್ಳೆಯ ಶೂ ಎರಡು ಜೊತೆ ಕೊಳ್ಳುವ ಬದಲು ಒಂದು ಶೂ, ಮನೆಯೊಳಗಿಗೆ ಅದೇ ಅಚ್ಚಿನ ಇನ್‌ಸೋಲ್ ಇರುವ ಒಂದು ಸ್ಯಾಂಡಲ್ ಮಾಡಿಸಿದೆ. ಪಟ್ಟಿ ಅಗಲ, ಹಿಂದೆಯೂ ಹಿಡಿತ ಇದೆ, ಬಗ್ಗದೆ ಕಾಲು ತೂರಿಸಬಹುದು. ವೆಲ್ಕ್ರೋ ಒಂದೇ, ಅದನ್ನು ಒಮ್ಮೆ ಅಳತೆಗೆ ಹಾಕಿಟ್ಟರೆ ಮತ್ತೆ ಮುಟ್ಟಬೇಕಾಗಿಲ್ಲ.

ದಿನಾ ಪಾದ ನೋಡಲು ಮೊದಲು ಕನ್ನಡಿ ಬಳಸುತ್ತಿದ್ದೆ. ಕನ್ನಡಿ ಆಗಿಹೋದದ್ದನ್ನು ತೋರಿಸುತ್ತದೆ. ಈಗ ಚರ್ಮದ ಬಿಸಿ ಅಳೆಯುವ ಥರ್ಮಾಮೀಟರನ್ನೂ ಸೇರಿಸಿದ್ದೇನೆ, ಅದು ಆಗಲಿರುವುದನ್ನೂ ಹೇಳಬಲ್ಲದು. ಎರಡೂ ಪಾದಗಳ ಅದೇ ಜಾಗ ಹೋಲಿಸಬೇಕು. 2.2 ಡಿಗ್ರಿ ಸೆಲ್ಸಿಯಸ್‌ಗಿಂತ ಜಾಸ್ತಿ ವ್ಯತ್ಯಾಸ ಎರಡು ದಿನ ಸತತವಾಗಿ ಬಂದರೆ ಓಡಾಟ ಕಮ್ಮಿ ಮಾಡಿ ಡಾಕ್ಟರನ್ನು ನೋಡಬೇಕು. ಹೋದ ತಿಂಗಳು ಹಳೆಯ ಹುಣ್ಣಿನ ಜಾಗದಲ್ಲಿ 2.6 ಬಂತು, ಮರುದಿನವೂ ಅಷ್ಟೇ. ಕಣ್ಣಿಗೆ ಏನೂ ಕಾಣಲಿಲ್ಲ. ಹೋಗಿ ತೋರಿಸಿದೆ. ಇನ್‌ಸೋಲ್ ಆ ಜಾಗದಲ್ಲಿ ಕುಸಿದು ಚಪ್ಪಟೆಯಾಗಿತ್ತು. ಅದರ ಮೇಲೆ ಬರುವ ಚರ್ಮದಲ್ಲಿ ಹೊಸ ದಡ್ಡು ಆಗತಾನೇ ಶುರುವಾಗಿತ್ತು, ಹೆರೆದು ಇನ್‌ಸೋಲ್ ಬದಲಿಸಿದರು. ವಾರದಲ್ಲಿ ಎರಡೂ ಕಾಲಿನ ಬಿಸಿ ಒಂದೇ ಆಯಿತು.

ಸ್ಯಾಂಡಲ್ ಈಗ ಮಂಚದ ಪಕ್ಕ, ಕಾಲು ಇಳಿಸುವ ಜಾಗದಲ್ಲೇ ಇರುತ್ತದೆ. ಮಲಗುವ ಮುಂಚೆ ಒಳಗೆ ಕೈ ಆಡಿಸಿ ನೋಡಿ, ಬಚ್ಚಲ ಕಡೆಗೆ ಮುಖ ಮಾಡಿ ಇಡುವುದು ಹೆಂಡತಿ.