ಹಗುರ ಬ್ಲೇಡೋ, ಭಾರದ ಬ್ಲೇಡೋ, ಸ್ಟಿಕ್ಕಿಗೆ ಡ್ಯಾಂಪರೋ?

ಜೈರೋಪ್ಲೇನನ್ನು ಪ್ರೊಪೆಲರ್ ಮುಂದಕ್ಕೆ ತಳ್ಳುತ್ತದೆ, ತಲೆಯ ಮೇಲೆ ಬರೀ ಗಾಳಿಗೆ ತಿರುಗುವ ರೋಟರ್ ಎತ್ತಿ ಹಿಡಿಯುತ್ತದೆ. ಒಂದೇ ಸೀಟಿನ, ಎರಡು ಬ್ಲೇಡಿನ ಸಣ್ಣ ಜೈರೋಪ್ಲೇನಿಗೆ ನನ್ನ ಓಟು ಭಾರದ ಫೈಬರ್‌ಗ್ಲಾಸ್ ಬ್ಲೇಡಿಗೆ. ಹಗುರ ಅಲ್ಯೂಮಿನಿಯಂ ಬ್ಲೇಡನ್ನು ಬೈಯುವಂತಿಲ್ಲ, ಕೆಲವರಿಗೆ ಅದೇ ಸರಿ. ಸ್ಟಿಕ್ಕಿಗೆ, ಅಂದರೆ ರೋಟರನ್ನು ಓರೆ ಮಾಡುವ ಹಿಡಿಕೋಲಿಗೆ, ಅಲುಗಾಟ ತಡೆಯಲೆಂದು ಸಿಕ್ಕಿಸುವ ಡ್ಯಾಂಪರ್ ಮಾತ್ರ ದುಡ್ಡು ದಂಡ.

ಹೋಲಿಸುವ ಮುಂಚೆ ಒಂದು ಗೊಂದಲ ಬಿಡಿಸಬೇಕು. 'ಸ್ಟಿಕ್ ಸರಿಯಿಲ್ಲ' ಎಂದು ದೂರುವವರಲ್ಲಿ ಎರಡು ಪಂಗಡ. ಒಬ್ಬರಿಗೆ ಸ್ಟಿಕ್ ಕೈಯಲ್ಲಿ ನಡುಗುತ್ತದೆ. ಇನ್ನೊಬ್ಬರಿಗೆ ಸ್ಟಿಕ್ ನೆಟ್ಟಗಿದೆ, ಆದರೆ ಗಾಳಿ ತಾಗಿದೊಡನೆ ಮೂಗು ಏಳುತ್ತದೆ, ಒತ್ತಿದರೆ ಬೇಕಾದ್ದಕ್ಕಿಂತ ಹೆಚ್ಚು ಇಳಿಯುತ್ತದೆ, ಮತ್ತೆ ಎಳೆದರೆ ಮತ್ತೆ ಏಳುತ್ತದೆ. ಎರಡೂ ಬೇರೆ ಬೇರೆ ಕಾಯಿಲೆ. ಮೊದಲನೆಯದು ಬ್ಲೇಡಿನ ಜೋಡಣೆಯದು. ಎರಡನೆಯದು ಡ್ಯಾಂಪಿಂಗಿನದು, ಅಂದರೆ ತೂಗಾಟ ತಾನಾಗಿ ಅಡಗುವ ಗುಣದ್ದು, ಪ್ರಾಣಕ್ಕೆ ಕುತ್ತು ತರುವುದೂ ಅದೇ. ಅಂಥ ತೂಗಾಟ ಶುರುವಾದರೆ ಸ್ಟಿಕ್ಕಿನಿಂದ ಮೂಗನ್ನು ಅಟ್ಟಿಸಿಕೊಂಡು ಹೋಗಬಾರದು. ಥ್ರಾಟಲ್ ಇಳಿಸಿ, ರೋಟರಿನ ಮೇಲೆ ಭಾರ ಉಳಿಯುವಂತೆ ಸ್ಟಿಕ್ಕನ್ನು ಒಂದೇ ಕಡೆ ಹಿಡಿಯಬೇಕು.

ಡ್ಯಾಂಪಿಂಗ್ ಬರುವುದು ರೋಟರ್ ತಟ್ಟೆಯ, ಅಂದರೆ ತಿರುಗುವ ಬ್ಲೇಡುಗಳು ಬರೆಯುವ ವೃತ್ತದ, ಸೋಮಾರಿತನದಿಂದ. ಜೈರೋದ ಮೂಗು ಮೇಲೇಳುತ್ತಿರುವಾಗ ತಟ್ಟೆ ಅದರ ಜೊತೆಗೇ ಏಳುವುದಿಲ್ಲ, ತುಸು ಹಿಂದೆ ಬೀಳುತ್ತದೆ. ಹಾಗೆ ಹಿಂದೆ ಬಿದ್ದ ತಟ್ಟೆಯ ಎಳೆತ ಮೂಗನ್ನು ವಾಪಸ್ ತಗ್ಗಿಸುತ್ತದೆ. ಬ್ಲೇಡ್ ಭಾರವಾದಷ್ಟೂ ಈ ಹಿಂದುಳಿಕೆ ಹೆಚ್ಚು. 7 ಮೀಟರ್ ವ್ಯಾಸ, 18 ಸೆಂ.ಮೀ. ಅಗಲ, ನಿಮಿಷಕ್ಕೆ 360 ಸುತ್ತು ಎಂದಿಟ್ಟುಕೊಂಡು ಲೆಕ್ಕ ಹಾಕಿದರೆ, ತಲಾ 8 ಕೆ.ಜಿ.ಯ ಬ್ಲೇಡುಗಳ ತಟ್ಟೆ ಸುಮಾರು 0.07 ಸೆಕೆಂಡ್ ಹಿಂದಿರುತ್ತದೆ, 14 ಕೆ.ಜಿ.ಯದು 0.13 ಸೆಕೆಂಡ್. ಮೂಗು ಸೆಕೆಂಡಿಗೆ 20 ಡಿಗ್ರಿಯಂತೆ ಏಳುತ್ತಿದ್ದರೆ ಹಗುರದ್ದು ಒಂದೂವರೆ ಡಿಗ್ರಿ, ಭಾರದ್ದು ಎರಡೂವರೆ ಡಿಗ್ರಿ ಎದುರು ನಿಲ್ಲುತ್ತದೆ. ಕೈಗೆ ಗೊತ್ತಾಗುವುದೂ ಇದೇ: ಹಗುರ ಬ್ಲೇಡ್ ಬೆರಳು ಅಲ್ಲಾಡಿಸಿದರೆ ತಿರುಗುತ್ತದೆ, ಭಾರದ್ದು ಹೇಳಿದ ಮಾತು ಕೇಳಿಸಿಕೊಂಡು ಆಮೇಲೆ ಕದಲುತ್ತದೆ. ಹೊಸಬರಿಗೆ ಆ ನಿಧಾನವೇ ಕಾವಲು.

ಡ್ಯಾಂಪರ್ ಯಾಕೆ ಬೇಡ? ಮನೆಯಲ್ಲೇ ಕಟ್ಟುವ ಜೈರೋಗಳನ್ನು ಜನಪ್ರಿಯಗೊಳಿಸಿದ ಅಮೆರಿಕದ ಇಗೊರ್ ಬೆನ್ಸನ್ ಕಾಲದಿಂದ ಬಂದ ಆಫ್‌ಸೆಟ್ ಗಿಂಬಲ್ ಹೆಡ್ಡಿನಲ್ಲಿ (ರೋಟರನ್ನು ಹೊತ್ತು ಎಲ್ಲ ಕಡೆಗೂ ಬಾಗುವ ತಲೆಭಾಗ) ಹಿಂದೆ ಮುಂದೆ ಬಾಗಿಸುವ ಪಿಚ್ ಬೋಲ್ಟು ರೋಟರ್ ಅಕ್ಷಕ್ಕಿಂತ ಸುಮಾರು 25 ಮಿ.ಮೀ. ಮುಂದಿರುತ್ತದೆ. ಗಾಳಿಯ ಹೊಡೆತಕ್ಕೆ ರೋಟರಿನ ಎಳೆತ ಹೆಚ್ಚಾದ ಕೂಡಲೇ ಹೆಡ್ಡು ತಾನಾಗಿ ಮುಂದಕ್ಕೆ ಬಾಗುತ್ತದೆ, ಸ್ಟಿಕ್ಕೂ ಮುಂದೆ ಸರಿಯುತ್ತದೆ, ಹೆಚ್ಚಿದ ಎಳೆತ ಇಳಿಯುತ್ತದೆ. ಮಾಮೂಲಿ ಭಾರವನ್ನು ಹೆಡ್ಡನ್ನು ಹಿಂದಕ್ಕೆ ಎಳೆದಿಡುವ ಟ್ರಿಮ್ ಸ್ಪ್ರಿಂಗು ಹೊತ್ತುಕೊಳ್ಳುತ್ತದೆ. ಡ್ಯಾಂಪರೋ ಬಿಗಿ ಫ್ರಿಕ್ಷನ್ನೋ ಹಾಕಿದಿರೆಂದರೆ ಈ ತಾನಾಗಿ ಸರಿಯುವ ಗುಣವನ್ನೇ ಕಟ್ಟಿಹಾಕಿದಂತೆ. ಜೊತೆಗೆ ಮೊದಲು ಅಲ್ಲಾಡದ ಸ್ಟಿಕ್ಕು ಜೋರು ಮಾಡಿದಾಗ ಒಮ್ಮೆಲೇ ಜಾರುತ್ತದೆ. ಅತಿಯಾಗಿ ತಿದ್ದುವ ಚಟ ಹತ್ತುವುದೇ ಅಲ್ಲಿ.

ಈಗ ಭಾರದ ಬ್ಲೇಡಿನ ತಲೆನೋವು. ದುಬಾರಿ ಬ್ಲೇಡ್ ತಂದು ಹಾಕಿದ ಮೊದಲ ದಿನವೇ ಸ್ಟಿಕ್ ಹಳೆಯದಕ್ಕಿಂತ ಜೋರಾಗಿ ನಡುಗಿದರೆ ಬ್ಲೇಡನ್ನು ಬೈಯುವ ಮುಂಚೆ ಈ ಲೆಕ್ಕ ನೋಡಿ. ತಿರುಗುವ ತೂಕದ ನಡುಬಿಂದು ಅಕ್ಷದಿಂದ ಬರೀ 1 ಮಿ.ಮೀ. ಪಕ್ಕಕ್ಕಿದ್ದರೆ 16 ಕೆ.ಜಿ. ಜೋಡಿ ಸುಮಾರು 23 ನ್ಯೂಟನ್ ಬಲದಿಂದ ಹೆಡ್ಡನ್ನು ಎಳೆಯುತ್ತದೆ, 28 ಕೆ.ಜಿ. ಜೋಡಿ 40 ನ್ಯೂಟನ್. ಅಂದರೆ ನಾಲ್ಕು ಕೆ.ಜಿ. ತೂಕವನ್ನು ಯಾರೋ ತಲೆಯ ಮೇಲೆ ಸೆಕೆಂಡಿಗೆ ಆರು ಬಾರಿ ಸುತ್ತಿಸಿದ ಹಾಗೆ. ಹಗುರ ಬ್ಲೇಡು ಮನ್ನಿಸುತ್ತಿದ್ದ ತಪ್ಪನ್ನು ಭಾರದ್ದು ಮನ್ನಿಸುವುದಿಲ್ಲ.

ಮೊದಲು ದಾರ ಹಿಡಿಯಬೇಕು. ಒಂದು ಬ್ಲೇಡಿನ ತುದಿಯ ಗುರುತಿನಿಂದ ಇನ್ನೊಂದರ ಅದೇ ಗುರುತಿಗೆ ತೆಳು ಮೀನುಗಾರಿಕೆ ದಾರವನ್ನು ಬಿಗಿಯಾಗಿ ಕಟ್ಟಿ. ಅದು ಎರಡೂ ಬ್ಲೇಡುಗಳನ್ನು ಜೋಡಿಸುವ ಹಬ್ ಬಾರಿನ ನಟ್ಟನಡು ಗೆರೆಯ ಮೇಲೇ ಹಾಯಬೇಕು. ದಾರ 2 ಮಿ.ಮೀ. ಪಕ್ಕಕ್ಕಿದ್ದರೆ ತೂಕದ ನಡುಬಿಂದು 1 ಮಿ.ಮೀ. ಪಕ್ಕಕ್ಕಿದೆ ಎಂದು ಅರ್ಥ, ಮೇಲಿನ 40 ನ್ಯೂಟನ್ ಬಂದದ್ದು ಅಲ್ಲಿಂದಲೇ. ಬ್ಲೇಡಿನ ಬೋಲ್ಟುಗಳನ್ನು ಸಡಿಲಿಸಿ, ತೂತಿನಲ್ಲಿ ಉಳಿದಿರುವ ಕೂದಲೆಳೆಯಷ್ಟು ಜಾಗದಲ್ಲೇ ತುದಿಯನ್ನು ಅತ್ತಿತ್ತ ಸರಿಸಿ, ತಯಾರಕರು ಹೇಳಿದ ಟಾರ್ಕಿಗೆ ಬಿಗಿದು, ದಾರವನ್ನು ಮತ್ತೆ ನೋಡಿ. ಬಿಗಿಯುವಾಗ ಬ್ಲೇಡ್ ಸರಿಯುವುದುಂಟು, ಮೂರು ನಾಲ್ಕು ಸಲ ಮಾಡಬೇಕಾಗಬಹುದು. ಆಮೇಲೆ ರೋಟರನ್ನು ಅದು ಏತದಂತೆ ಮೇಲೆ ಕೆಳಗೆ ತೂಗಾಡುವ ಟೀಟರ್ ಬೋಲ್ಟಿನ ಮೇಲೆ ತಕ್ಕಡಿಯಂತೆ ತೂಗಿ, ಮೇಲೆದ್ದ ಕಡೆಯ ತುದಿಗೆ ತೂಕ ಸೇರಿಸಬೇಕು.

ಅಷ್ಟಾದರೂ ಸ್ಟಿಕ್ ಸುತ್ತುತ್ತಿದ್ದರೆ ಉಳಿದದ್ದು ಬ್ಲೇಡಿನ ಅಗಲದ ದಿಕ್ಕಿನ ದೋಷ. ಫೈಬರಿನ ಒಳಗೆ ತೂಕ ಎಲ್ಲಿದೆ ಎಂದು ದಾರಕ್ಕೆ ಕಾಣಿಸದು. ಟೀಟರ್ ಬೋಲ್ಟು ಹಾಯುವ ಬ್ಲಾಕಿನ ಒಂದು ಪಕ್ಕದ ತೆಳು ಶಿಮ್ ವಾಷರನ್ನು ಇನ್ನೊಂದು ಪಕ್ಕಕ್ಕೆ ಹಾಕಿ ಹಾರಿಸಿ ನೋಡಿ, ನಡುಕ ಹೆಚ್ಚಿದರೆ ತಿರುಗಿಸಿ ಹಾಕಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಶಿಮ್ಮೂ ತುದಿಯ ತೂಕವೂ ಒಟ್ಟಿಗೆ ಬದಲಾದರೆ ಯಾವುದರಿಂದ ಏನಾಯಿತೆಂದು ಬ್ರಹ್ಮನಿಗೂ ಗೊತ್ತಾಗದು. ನೆಲದ ಮೇಲೆ ರೋಟರ್ ತಿರುಗಿಸುವಾಗಲೇ ಇರುವ ನಡುಕ ಹೆಚ್ಚಾಗಿ ತೂಕದ್ದು. ಹಾರುವ ವೇಗ ಏರಿದಂತೆ ಬೆಳೆಯುವ ಸುತ್ತಿಗೊಂದು ಕುಲುಕು ಟ್ರ್ಯಾಕಿಂಗಿನದು, ಅಂದರೆ ಎರಡು ಬ್ಲೇಡಿನ ತುದಿಗಳು ಒಂದೇ ಎತ್ತರದಲ್ಲಿ ಹಾಯದಿರುವುದರದು. ತುದಿಗಳಿಗೆ ಎರಡು ಬಣ್ಣದ ಟೇಪ್ ಅಂಟಿಸಿ ಯಾವುದು ಮೇಲೆ ಹಾರುತ್ತಿದೆ ಎಂದು ನೋಡಿ, ಅದರ ಪಿಚ್ (ಬ್ಲೇಡಿನ ಓರೆ) ತಗ್ಗಿಸಬೇಕು.

ಎಣಿಸಲಾಗದ, ಮೊಬೈಲ್ ವೈಬ್ರೇಟ್ ಆದಂಥ ಸಣ್ಣ ನಡುಕವಾದರೆ ಅದು ಸುತ್ತಿಗೆ ಎರಡು ಬಾರಿಯದು, ಸೆಕೆಂಡಿಗೆ 12. ಎರಡು ಬ್ಲೇಡಿನ ರೋಟರಿನಲ್ಲಿ ಇದು ಪೂರ್ತಿ ಹೋಗುವುದಿಲ್ಲ, ರೋಟರನ್ನು ಹೊತ್ತ, ತುಸು ಬಾಗುವ ಮಾಸ್ಟ್ ಕಂಬ ಅಷ್ಟಿಷ್ಟು ನುಂಗಿಕೊಳ್ಳುತ್ತದೆ. ಆದರೆ ಬ್ಲೇಡ್ ಬದಲಿಸಿದ ಮೇಲೆ ಜೋರಾಯಿತು ಅಂದರೆ ಅಂಡರ್‌ಸ್ಲಿಂಗ್ ನೋಡಬೇಕು. ಹಾರುವಾಗ ಬ್ಲೇಡುಗಳು ಬೋಗುಣಿಯಂತೆ ಮೇಲಕ್ಕೆ ಬಾಗುತ್ತವೆ. ಆ ಬಾಗಿದ ರೋಟರಿನ ತೂಕದ ನಡುಬಿಂದು ಟೀಟರ್ ಬೋಲ್ಟಿನ ಮಟ್ಟದಲ್ಲೇ ಇರಲಿ ಎಂದೇ ಹಬ್ಬನ್ನು ಬೋಲ್ಟಿಗಿಂತ ಕೆಳಗೆ ತೂಗುಹಾಕಿರುತ್ತಾರೆ. ಸುಮಾರು 250 ಕೆ.ಜಿ. ಜೈರೋದಲ್ಲಿ ಮೇಲಿನ ಹಗುರ ಬ್ಲೇಡು ಹತ್ತಿರ ಹತ್ತಿರ 4 ಡಿಗ್ರಿ ಬಾಗಿದರೆ ಭಾರದ್ದು 2 ಡಿಗ್ರಿ ಚಿಲ್ಲರೆ. ಹಳೆಯ ಹಬ್ ಬಾರನ್ನೇ ಉಳಿಸಿಕೊಂಡರೆ ನಡುಬಿಂದು ಬೋಲ್ಟಿನ ಕೆಳಗೆ ಉಳಿದು, ಪ್ರತಿ ಟೀಟರಿಗೂ ಅತ್ತಿತ್ತ ತೂಗುತ್ತದೆ. ಆದ್ದರಿಂದ ಬ್ಲೇಡನ್ನು ಅದರದೇ ಹಬ್ ಬಾರಿನ ಜೊತೆಗೇ ಕೊಳ್ಳಿ. ಇಲ್ಲಿ ಉಳಿಸಿದ ಹಣ ಉಳಿಯುವುದಿಲ್ಲ.

ಮೂಗಿನ ತೂಗಾಟ ತಡೆಯಲು ಬಾಲದ ಅಡ್ಡರೆಕ್ಕೆ ಯಾವ ಬ್ಲೇಡಿದ್ದರೂ ಇರಲಿ. ಆದರೆ ಅದನ್ನೇ ನೆಚ್ಚಿಕೊಂಡು ಎಂಜಿನ್ನನ್ನು ಎತ್ತರದಲ್ಲಿ ಕೂರಿಸಬಾರದು. 1990ರ ದಶಕದಲ್ಲಿ ಬ್ರಿಟನ್ನಿನ ವಿಮಾನಯಾನ ಪ್ರಾಧಿಕಾರಕ್ಕಾಗಿ ಗ್ಲಾಸ್ಗೋ ವಿಶ್ವವಿದ್ಯಾಲಯ ನಡೆಸಿದ ಅಧ್ಯಯನ ಎಲ್ಲಕ್ಕಿಂತ ಮುಖ್ಯವೆಂದು ಕಂಡುಕೊಂಡದ್ದು ಗುರುತ್ವ ಕೇಂದ್ರಕ್ಕೂ ಪ್ರೊಪೆಲರಿನ ತಳ್ಳುಗೆರೆಗೂ (ಅದರ ತಳ್ಳುವ ಬಲ ಹಾಯುವ ಗೆರೆ) ನಡುವಿನ ಎತ್ತರದ ಅಂತರವನ್ನು. ಅದು 2 ಇಂಚಿನೊಳಗಿರಬೇಕು. ಅಳೆಯುವುದು ಸುಲಭ. ಪೈಲಟ್ಟನ್ನು ಕೂರಿಸಿ ಜೈರೋವನ್ನು ಟೀಟರ್ ಬೋಲ್ಟಿನಿಂದ ನೇತುಹಾಕಿ, ಗಾರೆಯವರ ತೂಗುಗುಂಡು ಇಳಿಬಿಟ್ಟು ಗೆರೆ ಎಳೆಯಿರಿ. ಬೇರೊಂದು ಬಿಂದುವಿನಿಂದ ನೇತುಹಾಕಿ ಇನ್ನೊಂದು ಗೆರೆ. ಎರಡೂ ಕೂಡಿದಲ್ಲಿ ಗುರುತ್ವ ಕೇಂದ್ರ. ತಳ್ಳುಗೆರೆ ಅದಕ್ಕಿಂತ ಬಹಳ ಮೇಲಿದ್ದರೆ, ರೋಟರಿನ ಮೇಲಿನ ಭಾರ ತಪ್ಪಿದ ಕ್ಷಣ ಎಂಜಿನ್ನು ಮೂಗನ್ನು ಕೆಳಗೆ ಮಗುಚುತ್ತದೆ. ಅಲ್ಲಿ ಎಂಥ ಬ್ಲೇಡೂ ಕಾಪಾಡದು.

ಹಗುರ ಬ್ಲೇಡನ್ನು ಕೈಯಿಂದ ತಟ್ಟಿ ತಿರುಗಿಸಿ ಶುರು ಮಾಡಬಹುದು. ಭಾರದ್ದಕ್ಕೆ ಹಾರುವ ಮುಂಚೆ ರೋಟರನ್ನು ತಿರುಗಿಸಿಕೊಡುವ ಪ್ರೀ-ರೋಟೇಟರ್ ಬೇಕೇ ಬೇಕು, ಸುತ್ತು ಏರುವವರೆಗೆ ತಾಳ್ಮೆಯೂ ಬೇಕು. ಇಳಿಯುವಾಗ ಅದೇ ಭಾರ ಲಾಭ: ಕೊನೆಯ ಎಳೆತದಲ್ಲಿ ರೋಟರಿನಲ್ಲಿ ಇನ್ನೂ ಕಸುವಿರುತ್ತದೆ.

ಇನ್ನು ಯಾರಿಗೆ ಯಾವುದು. ಅಮೆರಿಕದಲ್ಲಿ ಪಾರ್ಟ್ 103 ಎಂಬ ವಿಮಾನಯಾನ ನಿಯಮದ ಅಲ್ಟ್ರಾಲೈಟಾಗಿ (ಅತಿ ಹಗುರ ವಾಹನ), ಲೈಸೆನ್ಸಿಲ್ಲದೆ ಹಾರಿಸಬೇಕೆಂದರೆ ಖಾಲಿ ತೂಕ 254 ಪೌಂಡ್ ದಾಟುವಂತಿಲ್ಲ, ಅಂದರೆ 115 ಕೆ.ಜಿ. ಭಾರದ ಬ್ಲೇಡಿನ 12 ಕೆ.ಜಿ. ಹೆಚ್ಚುವರಿ, ಮೇಲೆ ಪ್ರೀ-ರೋಟೇಟರಿನ ತೂಕ ಸೇರಿದರೆ ಮಿತಿ ಮೀರುವುದು ಬಹುತೇಕ ಖಂಡಿತ. ಅಂಥವರು ಹಗುರ ಬ್ಲೇಡು, ದೊಡ್ಡ ಅಡ್ಡರೆಕ್ಕೆ, ತಗ್ಗಿನ ಎಂಜಿನ್ ಹಿಡಿಯಲಿ, ಗಾಳಿಯ ಮಧ್ಯಾಹ್ನಗಳನ್ನು ಬಿಟ್ಟು ಬೆಳಗಿನ ಹೊತ್ತು ಹಾರಲಿ. ನೋಂದಣಿ ಮಾಡಿಸಿ, ವಾರಕ್ಕೊಮ್ಮೆ ಗಾಳಿ ಹೇಗಿದ್ದರೂ ಹಾರುವವರು ಸಾಲ ಮಾಡಿಯಾದರೂ ಭಾರದ್ದೇ ತೆಗೆದುಕೊಳ್ಳಲಿ.

ಟ್ರೇಲರಿನಲ್ಲಿ ಸಾಗಿಸುವವರಾದರೆ ಬ್ಲೇಡ್ ಬಿಚ್ಚುವ ಮುಂಚೆ ಬ್ಲೇಡಿಗೂ ಹಬ್ ಬಾರಿಗೂ ಪೇಂಟ್ ಪೆನ್ನಿನಲ್ಲಿ 1, 2 ಎಂದು ಬರೆದುಕೊಳ್ಳಿ, ಶಿಮ್ ಯಾವ ಪಕ್ಕ ಎಷ್ಟಿತ್ತೆಂದು ಡೈರಿಯಲ್ಲಿ ಗುರುತಿಟ್ಟುಕೊಳ್ಳಿ. ಒಂದೇ ವಾಷರ್ ಅದಲುಬದಲಾದರೂ ಮತ್ತೆ ದಾರದಿಂದ ಶುರು.